ಐವತ್ತೆರಡು ಕೆಜಿಯ ಸ್ಪ್ರಿಂಗು

ನನ್ನ ತೂಕ ಐವತ್ತೆರಡು ಕೆಜಿ. ಇದನ್ನು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ಕೇಳಲು ಮಾತ್ರ ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಒಬ್ಬರಿಗೂ ಬಾಯಿ ಬರಲಿಲ್ಲ. ಯಾರೂ ಯಾರನ್ನೂ ಕೇಳದೆ ಇದ್ದಿದ್ದರೆ ಹೋಗಲಿ ಅನ್ನಬಹುದಿತ್ತು. ನನ್ನೊಬ್ಬಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳಿದರು. ಅದೇ ನನ್ನ ಹೊಟ್ಟೆಯುರಿ.

ವಿಷಯ ನನ್ನ ಬೈಕಿನದು. ಮಣ್ಣುದಾರಿ, ಕಲ್ಲುದಾರಿಗಳಿಗೆಂದೇ ಮಾಡಿದ ಎತ್ತರದ ಟ್ರಯಲ್ ಬೈಕು. ಅಂಥದ್ದನ್ನು ಮಾಡುವುದನ್ನು ಕಂಪನಿ ಎಂದೋ ನಿಲ್ಲಿಸಿದೆ. ತಾಂಡವಪುರದ ಅಪ್ಪನ ಮನೆಯಲ್ಲಿದ್ದಾಗ ನಾನು ಹನಿ ನೀರಾವರಿ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸಕ್ಕಿದ್ದೆ. ಕಬ್ಬಿನ ಗದ್ದೆಗಳ ನಡುವೆ, ಕಾಲುವೆ ಏರಿಯ ಮೇಲೆ ದಿನವಿಡೀ ಓಡಾಟ. ಆಗ ಕೊಂಡ ಬೈಕು ಅದು. ಮದುವೆಯಾದಾಗ ಮಂಚ, ಬೀರು, ಪಾತ್ರೆಗಳ ಜೊತೆ ಅದೂ ಒಂದೇ ಟೆಂಪೋದಲ್ಲಿ ನರಸೀಪುರದ ಹತ್ತಿರವಿರುವ ನನ್ನ ಗಂಡನ ಊರಿಗೆ ಬಂತು. ನೋಡಿದವರೆಲ್ಲ ಅಳಿಯನಿಗೆ ಕೊಟ್ಟ ಗಾಡಿ ಅಂದುಕೊಂಡರು. ಅಳಿಯ, ಅಂದರೆ ನನ್ನ ಗಂಡ ಅಮೃತೇಶ್, ಅದನ್ನು ಒರೆಸಿ ನಿಲ್ಲಿಸುತ್ತಿದ್ದರೇ ಹೊರತು ಹತ್ತಿ ಓಡಿಸುವ ಆಸೆ ಅವರಿಗೆ ಯಾವತ್ತೂ ಇರಲಿಲ್ಲ.

ಮಗ ಹುಟ್ಟಿದ ಮೇಲೆ ಬೈಕು ಕೊಟ್ಟಿಗೆ ಸೇರಿತು. ಹಸುವಿನ ಪಕ್ಕ ಗೋಣಿತಾಟು ಹೊದ್ದುಕೊಂಡು ನಿಂತಿತ್ತು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ, ನರಸೀಪುರದ ಹುಡುಗರು ಭತ್ತ ಕೊಯ್ದ ಬಯಲಿನಲ್ಲಿ ಮಣ್ಣಿನ ರೇಸು ನಡೆಸುತ್ತಾರೆಂದು ಗೊತ್ತಾಯಿತು. ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದೆ. ಮನೆಯಲ್ಲಿ ದೊಡ್ಡ ರಂಪವಾಯಿತು. ಕೊನೆಗೆ ನನ್ನ ಅತ್ತೆ ಶಿವನಂಜಮ್ಮ ಜಗುಲಿಯ ಮೇಲೆ ಕೂತು ತೀರ್ಮಾನ ಹೇಳಿದರು.

“ಒಂದ್ಸಲ ಓಡ್ಸು, ಬ್ಯಾಡ ಅನ್ನಾಕಿಲ್ಲ. ರೇಸಲ್ಲಿ ಬಿದ್ದು ಗಿದ್ದು ಮಾಡ್ಕಂಡ್ರೆ ಮಾತ್ರ ಗಾಡಿ ನಂಜೇಶನ್ಗೆ ಕೊಟ್ಬುಡೋದು. ಆಮೇಲೆ ಈ ಮನೇಲಿ ಅದ್ರ ಸುದ್ದಿ ಎತ್ತಂಗಿಲ್ಲ.”

ನಂಜೇಶ್ ನನ್ನ ಗಂಡನ ಸ್ನೇಹಿತ, ಪಕ್ಕದ ಬೀದಿಯವನು. ಟೆಂಪೋದಿಂದ ಬೈಕು ಇಳಿಸಿದ ದಿನದಿಂದಲೂ ಅವನ ಕಣ್ಣು ಅದರ ಮೇಲೇ. ನಾನು ಆಗಲಿ ಅಂದೆ. ನನ್ನ ಗಾಡಿಯನ್ನು ನಾನು ಉಳಿಸಿಕೊಳ್ಳಲು ಪರೀಕ್ಷೆ ಯಾಕೆ ಬರೆಯಬೇಕು ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ, ಓಡಿಸುವ ಆಸೆ ಅಷ್ಟಿತ್ತು.

ಗಾಡಿ ತೆಗೆದು ನೋಡಿದರೆ ಮುಂದಿನ ಫೋರ್ಕು ಸತ್ತಿತ್ತು. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕೊಳವೆಗಳಿಗೆ ಫೋರ್ಕು ಅನ್ನುತ್ತಾರೆ. ಒಂದೊಂದರೊಳಗೂ ಉದ್ದನೆಯ ಸ್ಪ್ರಿಂಗು, ಜೊತೆಗೆ ಒಂದಿಷ್ಟು ಎಣ್ಣೆ ಇರುತ್ತದೆ. ಗುಂಡಿ ಬಂದಾಗ ಸ್ಪ್ರಿಂಗು ಕುಗ್ಗಿ ಏಟು ತಿನ್ನಬೇಕು, ಅದು ಚಿಮ್ಮಿ ಕುಣಿಯದ ಹಾಗೆ ಎಣ್ಣೆ ತಡೆಯಬೇಕು. ನನ್ನದರಲ್ಲಿ ಸೀಲು ಹರಿದು ಎಣ್ಣೆ ಸೋರುತ್ತಿತ್ತು. ಬ್ರೇಕು ಹಿಡಿದರೆ ಗಾಡಿ ಮೂತಿ ನೆಲಕ್ಕೆ ಹಾಕುತ್ತಿತ್ತು, ಹಳ್ಳಕ್ಕೆ ಇಳಿಸಿದರೆ ಧಡ್ ಅನ್ನುತ್ತಿತ್ತು.

ನಂಜನಗೂಡಿನ ರುದ್ರೇಶನ ಗ್ಯಾರೇಜಿಗೆ ಒಯ್ದೆವು. ತವರಿನ ಕಾಲದಿಂದಲೂ ಈ ಬೈಕಿಗೆ ಕೈ ಹಾಕಿದವನು ಅವನೊಬ್ಬನೇ. ಅಮೃತೇಶ್ ಮಗುವನ್ನು ಎತ್ತಿಕೊಂಡು ಜೊತೆಗೆ ಬಂದಿದ್ದರು. ಗಂಡ ಪಕ್ಕದಲ್ಲಿ ನಿಂತರೆ ಮುಗಿಯಿತು, ನಾನು ಕೇಳಿದ ಪ್ರಶ್ನೆಗೂ ಉತ್ತರ ಅವರ ಕಡೆಗೇ ಹೋಗುತ್ತದೆ.

“ಸೀಲು ಓಗ್ಬುಟ್ಟದೆ ಅಣ್ಣಾ,” ಎಂದು ರುದ್ರೇಶ ನನ್ನ ಗಂಡನಿಗೆ ವಿವರಿಸಿದ. “ರೇಸ್ಗೆ ಅಂದ್ರೆ ಇದ್ರಲ್ಲಿ ಆಗಾಕಿಲ್ಲ. ಒಳಕ್ಕೆ ಒಂದ್ ವಾಲ್ವ್ ಕೂರುಸ್ಬೇಕು, ಎಣ್ಣೆ ವಸಿ ಗಟ್ಟಿದು ಉಯ್ಬೇಕು. ಸ್ಪ್ರಿಂಗೂ ಒಸ್ದು ತರುಸ್ಬುಡಮ. ಅದು ಓಡ್ಸೋರ ತೂಕ ನೋಡ್ಕಂಡು ತರ್ಸೋದು.”

“ಓಡಿಸೋಳು ನಾನು ಕಣೋ. ನನ್ನ ತೂಕ…” ಎಂದು ಶುರು ಮಾಡಿದೆ.

ರುದ್ರೇಶನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತ, “ಅಯ್ಯೋ ಬುಡಿ ಅಕ್ಕಾ, ಅದ್ನೆಲ್ಲ ನೀವ್ಯಾಕ್ ಏಳೀರಿ, ನಾನ್ ನೋಡ್ಕತೀನಿ,” ಅಂದ. ಅಮೃತೇಶ್ ಕೂಡ, “ಅವ್ನು ನೋಡ್ಕೋತಾನೆ ಬಾ ಲಿಖಿ,” ಎಂದು ನನ್ನ ಮೊಣಕೈ ಹಿಡಿದು ಕರೆದರು. ಗ್ಯಾರೇಜಿನ ಮುಂದೆ ನಿಂತು ಏನೋ ಆಡಬಾರದ್ದನ್ನು ಆಡಿದವಳ ಹಾಗೆ ನನ್ನನ್ನು ಮಾಡಿದರು. ಇಷ್ಟು ವರ್ಷದ ಅನುಭವಸ್ಥ, ಕಣ್ಣಳತೆಯಲ್ಲೇ ಹಿಡಿಯುತ್ತಾನೇನೋ ಎಂದು ಸುಮ್ಮನಾದೆ.

ಬೈಕು ವಾಪಸು ಬಂದಾಗ ಕಣ್ಣಿಗೆ ಹಬ್ಬವಾಗಿತ್ತು. ಹೊಸ ಸೀಲು, ಕೊಳವೆಗಳು ಮುಖ ಕಾಣುವಷ್ಟು ಹೊಳಪು. ಆಸೆಯಿಂದ ಕಾಲುವೆ ಏರಿಯ ಮೇಲೆ ಬಿಟ್ಟೆ. ಮೊದಲನೆಯ ಗುಂಡಿಗೆ ಏಟು ಮುಂಗೈಯಿಂದ ಭುಜದವರೆಗೆ ಹತ್ತಿತು. ಚಕ್ರ ಕಲ್ಲನ್ನು ಹತ್ತಿ ಇಳಿಯುವ ಬದಲು ಕಲ್ಲಿಗೆ ಬಡಿದು ಪಕ್ಕಕ್ಕೆ ಹಾರುತ್ತಿತ್ತು. ಹಾರೆ ಹಿಡಿದು ಬಂಡೆಗೆ ಹೊಡೆದ ಹಾಗಿತ್ತು. ಒಂದು ವಾರದಲ್ಲಿ ಅಂಗೈ ತುಂಬ ಬೊಬ್ಬೆ ಬಂದವು.

ರುದ್ರೇಶನಿಗೆ ಫೋನ್ ಮಾಡಿದರೆ, “ಒಸ್ದಲ್ವಾ ಅಕ್ಕಾ, ಓಡ್ತಾ ಓಡ್ತಾ ಪಳಗ್ತದೆ,” ಅಂದ. ಗಂಡ, “ಎರಡು ವರ್ಷ ಬಿಟ್ಟಿದ್ದೆ ಅಲ್ವಾ, ಕೈ ತಪ್ಪಿರುತ್ತೆ,” ಅಂದರು. ಅತ್ತೆ ರಾಗಿ ಕೇರುತ್ತ, “ಮಗ ಆದ್ಮೇಲೆ ಸೊಂಟ ಮೊದ್ಲಂಗಿದ್ದಾದಾ?” ಅಂದರು. ಗಾಡಿಯೊಂದನ್ನು ಬಿಟ್ಟು ಎಲ್ಲದರಲ್ಲೂ ಇವರಿಗೆ ದೋಷ ಸಿಕ್ಕಿತು. ನನ್ನ ಕೈಯಲ್ಲಿ, ಸೊಂಟದಲ್ಲಿ, ನನ್ನ ಹೆರಿಗೆಯಲ್ಲಿ ಕೂಡ. ಕೇಳಿ ಕೇಳಿ ನನಗೂ ಒಂದೊಂದು ಸಲ ಹೌದೇನೋ ಅನ್ನಿಸತೊಡಗಿತು. ಹಾಗೆ ಅನ್ನಿಸುವಂತೆ ಮಾಡಿದ್ದಕ್ಕೆ ಈಗಲೂ ಅವರ ಮೇಲೆ ಸಿಟ್ಟಿದೆ.

ರೇಸು ಹತ್ತಿರ ಬಂದಾಗ ಏರಿಯ ತಿರುವಿನಲ್ಲಿ ಚಕ್ರ ಕಲ್ಲಿಗೆ ಬಡಿದು ಹಾರಿ, ನಾನು ಜೊಂಡಿನೊಳಕ್ಕೆ ಬಿದ್ದೆ. ಮೊಣಕೈ ತರಚಿತು, ಅಷ್ಟೆ. ಅತ್ತೆ ಅದನ್ನು ನೋಡಿ ಅರಿಸಿನ ಹಚ್ಚಿದರು. ಹಚ್ಚಿ ಮುಗಿಸಿ ನಂಜೇಶನಿಗೆ ಹೇಳಿಕಳಿಸಿದರು.

“ಇದು ರೇಸಲ್ಲ, ಲೆಕ್ಕಕ್ಕಿಲ್ಲ,” ಎಂದು ನಾನು ಕೂಗಾಡಿದೆ.

“ಲೆಕ್ಕಕ್ಕಿಲ್ಲ ಕಣವ್ವ. ಬಂದು ನೋಡ್ಕಂಡೋಗ್ಲಿ, ನೋಡುದ್ರೆ ಏನು ಸವುದೋದದಾ ಗಾಡಿ?”

ನಂಜೇಶ್ ಬಂದ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು. ಹತ್ತಿ ಕೂತು ಅದೇ ಏರಿಯ ಮೇಲೆ, ಅದೇ ಗುಂಡಿಗಳ ಮೇಲೆ ಹೋಗಿ ಬಂದು ಮುಖ ಅರಳಿಸಿದ. “ಬೆಣ್ಣೆ ಕಣ್ಲಾ ಅಮೃತೇಶಾ! ಗುಂಡಿ ಇದ್ದದ್ದೇ ಗೊತ್ತಾಗ್ನಿಲ್ಲ. ಏನ್ ಫೋರ್ಕ್ಲಾ ಇದು!”

ಅತ್ತೆ ನನ್ನ ಕಡೆ ನೋಡಿದರು. ಗಂಡ ನನ್ನ ಕಡೆ ನೋಡಲಿಲ್ಲ. ಇಬ್ಬರ ಅರ್ಥವೂ ಒಂದೇ. ನನಗೆ ಕಣ್ಣಲ್ಲಿ ನೀರೇ ಬಂತು, ದುಃಖಕ್ಕಲ್ಲ, ಸಿಟ್ಟಿಗೆ.

ಸಿಟ್ಟು ಒಳ್ಳೆಯದೇ, ತಲೆ ಓಡುತ್ತದೆ. ದಾರಿ ಒಂದೇ, ಗಾಡಿ ಒಂದೇ, ಬೇರೆ ಆದದ್ದು ಕೂತವರು ಮಾತ್ರ. ಹನಿ ನೀರಾವರಿ ಪೈಪು ಕಟ್ಟುವ ಪ್ಲಾಸ್ಟಿಕ್ ಟ್ಯಾಗು ಮನೆಯಲ್ಲಿ ಬೇಕಾದಷ್ಟಿದ್ದವು. ಒಂದನ್ನು ತಂದು ಫೋರ್ಕಿನ ಹೊಳೆಯುವ ಕೊಳವೆಗೆ ಸುತ್ತಿ, ಕೆಳಗೆ ಸೀಲಿಗೆ ತಾಗುವ ಹಾಗೆ ಕೂರಿಸಿದೆ. ಫೋರ್ಕು ಕುಗ್ಗಿದಷ್ಟೂ ಸೀಲು ಆ ಟ್ಯಾಗನ್ನು ಮೇಲಕ್ಕೆ ತಳ್ಳುತ್ತದೆ, ಟ್ಯಾಗು ಅಲ್ಲೇ ನಿಲ್ಲುತ್ತದೆ.

“ಇನ್ನೊಂದು ಸುತ್ತು ಹೋಗ್ಬನ್ನಿ ನಂಜೇಶಣ್ಣ,” ಅಂದೆ. ಅವನಿಗೆ ಅದೇ ಬೇಕಿತ್ತು. ಅವನು ಬಂದಾಗ ಟ್ಯಾಗು ಹತ್ತಿರ ಹತ್ತಿರ ಒಂದು ಗೇಣು ಮೇಲೆ ಹೋಗಿತ್ತು. ಅದನ್ನು ಮತ್ತೆ ಕೆಳಗಿಳಿಸಿ ನಾನು ಹೋಗಿ ಬಂದೆ, ಅವನಿಗಿಂತ ಜೋರಾಗಿಯೇ. ಟ್ಯಾಗು ಮೂರು ಬೆರಳೂ ಏರಿರಲಿಲ್ಲ. ಈ ಫೋರ್ಕು ನನ್ನನ್ನು ಮನುಷ್ಯಳೆಂದೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗಂಡನನ್ನು ಕರೆದು ತೋರಿಸಿದೆ. ಅವರು ಕತ್ತು ತುರಿಸಿಕೊಳ್ಳುತ್ತ, “ರುದ್ರೇಶನ್ನೇ ಕೇಳ್ಬೇಕು,” ಎಂದು ಹಾಲು ಕರೆಯಲು ಎದ್ದು ಹೋದರು. ಆಗಿನ್ನೂ ಕರೆಯುವ ಹೊತ್ತಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೂಟು, ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ಒಬ್ಬಳೇ ಹೊರಟೆ. ಸುತ್ತೂರು ದಾಟಿ ನಂಜನಗೂಡು ಮುಟ್ಟುವಷ್ಟರಲ್ಲಿ ಬೊಬ್ಬೆಗಳು ಒಡೆದಿದ್ದವು. ರುದ್ರೇಶ ಆಗಷ್ಟೇ ಷಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ.

“ಯಾರ ತೂಕಕ್ಕೆ ತರಿಸಿದ್ಯೋ ಸ್ಪ್ರಿಂಗು?”

“ನಿಮ್ದುಕ್ಕೇ ಅಕ್ಕಾ.”

“ನನ್ನ ತೂಕ ನಿನಗೆ ಯಾರು ಹೇಳಿದ್ರು?”

ಅವನು ಊದುಬತ್ತಿಯನ್ನು ಅಲ್ಲೇ ಸಿಕ್ಕಿಸಿದ. “ಅಮೃತೇಶಣ್ಣಂಗೆ ಫೋನ್ ಮಾಡ್ದೆ. ನಂಗೊತ್ತಿಲ್ಲ ಕಣೋ, ಅವ್ವನ್ ಕೇಳಿ ಏಳ್ತೀನಿ ಅಂದ್ರು. ಆಮೇಲೆ ಎಪ್ಪತ್ತೆಂಟು ಅಂತ ಏಳುದ್ರು.”

“ಎಪ್ಪತ್ತೆಂಟಾ!”

“ಊಂ ಅಕ್ಕಾ. ತುಲಾಭಾರದಲ್ಲಿ ತೂಗಿದ್ದು, ದೇವ್ರ ತಕ್ಕಡಿ, ತಪ್ಪಾಗಾಕಿಲ್ಲ ಅಂದ್ರಂತೆ ಅಮ್ಮಾರು. ಅದ್ರ್ ಮ್ಯಾಲೆ ಎಲ್ಮೆಟ್ಟು ಬೂಟು ಅಂತ ನಾನೂ ವಸಿ ಸೇರುಸ್ದೆ.”

ನಾನು ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟೆ.

ತುಲಾಭಾರ ಆದದ್ದು ಇದೇ ನಂಜನಗೂಡಿನ ನಂಜುಂಡಪ್ಪನ ಗುಡಿಯಲ್ಲಿ, ಬಾಣಂತನ ಮುಗಿದ ಹೊಸದರಲ್ಲಿ. ಹೆರಿಗೆ ಸುಸೂತ್ರವಾದರೆ ತಾಯಿ ಮಗುವಿನ ತೂಕಕ್ಕೆ ಬೆಲ್ಲ ಕೊಡುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ತಿಂಗಳುಗಟ್ಟಲೆ ತುಪ್ಪ ಕೊಬ್ಬರಿ ತಿಂದು ನಾನು ಉಬ್ಬಿದ್ದೆ. ಮೈಮೇಲೆ ಮದುವೆಯ ರೇಷ್ಮೆಸೀರೆ, ಅತ್ತೆಯ ಕಾಸಿನ ಸರ, ಸೊಂಟಕ್ಕೆ ಡಾಬು, ಮಡಿಲಲ್ಲಿ ಮಗು. ಇಷ್ಟೆಲ್ಲದರ ಜೊತೆ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದಕ್ಕೆ ಆಲೆಮನೆಯಿಂದ ತಂದ ಬೆಲ್ಲದ ಅಚ್ಚುಗಳನ್ನು ಪೇರಿಸಿದರು. ಎರಡು ತಟ್ಟೆ ಸಮವಾದಾಗ ಅತ್ತೆ, “ಸಾಲ್ದು, ದೇವ್ರ ಕಡೆ ಇಳೀಬೇಕು,” ಎಂದು ಇನ್ನಷ್ಟು ಹೇರಿಸಿದರು. ನಾನು ಮಗುವನ್ನು ಅಪ್ಪಿಕೊಂಡು ಮೇಲೆ ತೂಗಾಡುತ್ತಿದ್ದೆ. ಬಂಧುಬಳಗವೆಲ್ಲ ಸುತ್ತ ನಿಂತು ನೋಡಿತು. ಎಪ್ಪತ್ತೆಂಟು ಕೆಜಿ ಬೆಲ್ಲ ಇಳಿಯಿತೆಂದು ಅತ್ತೆ ಇವತ್ತಿಗೂ ಮದುವೆಮನೆಗಳಲ್ಲಿ ಹೇಳಿಕೊಳ್ಳುತ್ತಾರೆ. ಸೊಸೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇನೆ ನೋಡಿ ಎಂದು ಅದರ ತಾತ್ಪರ್ಯ.

ಅವತ್ತು ಅಷ್ಟು ಜನರ ನಡುವೆ ತಕ್ಕಡಿಯಲ್ಲಿ ತೂಗಿಹಾಕಿದಾಗ ಯಾರಿಗೂ ನಾಚಿಕೆ ಬರಲಿಲ್ಲ. ಸ್ಪ್ರಿಂಗಿಗೆ ಬೇಕೆಂದ ಕೂಡಲೇ ಹೆಂಗಸಿನ ತೂಕ ಬಾಯಲ್ಲಿ ಆಡಬಾರದ ವಿಷಯವಾಯಿತು! ಇವನು ನನ್ನ ಗಂಡನನ್ನು ಕೇಳಿದ, ಗಂಡ ಅವರಮ್ಮನನ್ನು ಕೇಳಿದರು, ಅಮ್ಮ ದೇವರನ್ನು ಸಾಕ್ಷಿಗೆ ಕರೆದರು. ಎಲ್ಲಿಂದ ಎಲ್ಲಿಗೆ ಸುತ್ತಿದರು, ಅದೇ ಮನೆಯಲ್ಲಿ ಕಣ್ಣೆದುರಿಗೇ ಓಡಾಡುತ್ತಿದ್ದ ನನ್ನ ಹತ್ತಿರ ಮಾತ್ರ ಬರಲಿಲ್ಲ. ನಮ್ಮ ಹಸು ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಹಾಲು ಕೊಡುತ್ತದೆಂದು ನನ್ನ ಗಂಡನಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

“ಬಾ ನನ್ಜೊತೆ,” ಎಂದು ಎದ್ದೆ.

ಗ್ಯಾರೇಜಿನ ಎದುರಿಗೆ ಬಾಳೆಮಂಡಿ. ಬಾಗಿಲಲ್ಲೇ ಗೊನೆ ತೂಗುವ ಯಂತ್ರವಿತ್ತು. ಅದರ ಮೇಲಿದ್ದ ರಸಬಾಳೆ ಗೊನೆಯನ್ನು ಎತ್ತಿ ಪಕ್ಕಕ್ಕಿಟ್ಟು, ಬೂಟು ಹೆಲ್ಮೆಟ್ಟಿನ ಸಮೇತ ಹತ್ತಿ ನಿಂತೆ. ಮಂಡಿಯ ಗಂಡಸರೆಲ್ಲ, ನಾನು ಸೀರೆ ಬದಲಿಸುತ್ತಿದ್ದೇನೋ ಅನ್ನುವ ಹಾಗೆ, ಮುಖ ಆ ಕಡೆ ತಿರುಗಿಸಿದರು.

“ಓದು,” ಅಂದೆ ರುದ್ರೇಶನಿಗೆ.

“ಬ್ಯಾಡಿ ಅಕ್ಕಾ…”

“ಓದೋ.”

“ಐವತ್ತೇಳು,” ಎಂದು ಅವನು ಗೊನೆಗೆ ಹೇಳಿದ.

“ಕೇಳಿಸ್ಲಿಲ್ಲ.”

“ಐವತ್ತೇಳು ಅಕ್ಕಾ! ಬೂಟು ಎಲ್ಮೆಟ್ಟು ಎಲ್ಲ ಸೇರಿ!” ಎಂದು ಅವನು ಕೂಗಿಬಿಟ್ಟ. ಮಂಡಿಯ ಯಜಮಾನ ಕೈಮುಗಿದು, “ಇಳ್ಕಳವ್ವಾ, ಗೊನೆ ಇಕ್ಬೇಕು,” ಅಂದ. ಇಳಿದೆ.

ಹೊಸ ಸ್ಪ್ರಿಂಗು ತರಿಸಲು ಹೊತ್ತಿರಲಿಲ್ಲ, ರೇಸಿಗೆ ಉಳಿದದ್ದು ಎರಡೇ ದಿನ. ಬೈಕಿನ ಹಳೆಯ ಸ್ಪ್ರಿಂಗುಗಳು ಗ್ಯಾರೇಜಿನ ಮೂಲೆಯ ಗುಜರಿ ಚೀಲದಲ್ಲಿದ್ದವು. ತೊಳೆದು ಹೊಸದರ ಪಕ್ಕ ಇಟ್ಟು ನೋಡಿದೆವು. ಎಲ್ಲಿಯೂ ಕುಸಿದಿರಲಿಲ್ಲ. ರುದ್ರೇಶ ತಲೆ ಕೆರೆದುಕೊಂಡು, ಈ ತೂಕಕ್ಕೆ ಇವೇ ಸರಿ, ವಾಲ್ವೂ ಎಣ್ಣೆಯೂ ಹೊಸದಿರಲಿ ಅಂದ. ಎಣ್ಣೆಯನ್ನು ಮಾತ್ರ ಸ್ವಲ್ಪ ತೆಳುವಾದದ್ದು ಹಾಕಿದ. ಎಲ್ಲ ಜೋಡಿಸಿ, ಆಳು ಕೂತಾಗ ಫೋರ್ಕು ಎಷ್ಟು ತಗ್ಗುತ್ತದೆಂದು ಅಳೆಯುವ ಹೊತ್ತು ಬಂತು.

“ಅಮೃತೇಶಣ್ಣಂಗೆ ಬರಾಕೇಳ್ಲಾ?” ಅಂದ ಪುಣ್ಯಾತ್ಮ. “ಓದ್ಸಲ ನಾನೇ ಕೂತು ನೋಡಿದ್ದೆ.”

“ನಾನು ಕೂರ್ತೀನಿ, ನೀನು ಟೇಪು ಹಿಡಿ,” ಅಂದೆ. ಕೂತೆ. ಅವನು ಬಗ್ಗಿ ಅಳೆದ, ಕೊಳವೆಯ ತಲೆ ಬಿಚ್ಚಿ ಸ್ಪ್ರಿಂಗನ್ನು ಒತ್ತಿ ಹಿಡಿಯಲು ಒಂದು ತುಂಡು ಪೈಪು ಸೇರಿಸಿದ, ಮತ್ತೆ ಅಳೆದ. ಅಷ್ಟೇ ಕೆಲಸ. ಮೊದಲನೆಯ ದಿನವೇ ಆಗಬಹುದಿತ್ತು. ವಾಪಸು ಬರುವಾಗ ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದೆ. ಚಕ್ರ ಇಳಿಯಿತು, ಏರಿತು, ಕೈಗೆ ಸುದ್ದಿ ಮಾತ್ರ ಬಂತು, ಏಟು ಬರಲಿಲ್ಲ. ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ನಕ್ಕೆ.

ಮನೆಯಲ್ಲಿ ನಗಲಿಲ್ಲ. ಅಮೃತೇಶ್, “ಹೆಂಗೆ ಕೇಳೋದು ಲಿಖಿ, ದಪ್ಪ ಆಗಿದೀಯ ಅಂತ ಆಡ್ಕೊಂಡಂಗೆ ಆಗಲ್ವಾ?” ಅಂದರು. ಮರ್ಯಾದೆಯಂತೆ! ಆ ಮರ್ಯಾದೆಗೆ ನನ್ನ ಅಂಗೈ ಚರ್ಮ ಹೋಯಿತು. ಅತ್ತೆಯಂತೂ ಜಗ್ಗಲೇ ಇಲ್ಲ.

“ದೇವ್ರ ತಕ್ಕಡಿ ಸುಳ್ಳೇಳದಾ?”

“ತಕ್ಕಡಿ ಸುಳ್ಳು ಹೇಳಿಲ್ಲ ಅತ್ತೆ. ಅದರಲ್ಲಿ ನಾನೊಬ್ಳೇ ಕೂತಿರಲಿಲ್ಲ. ನಿಮ್ಮ ಮೊಮ್ಮಗ, ನಿಮ್ಮ ಡಾಬು, ಕಾಸಿನ ಸರ ಎಲ್ಲ ಕೂತಿದ್ವು. ಆ ಕಡೆ ನೀವು ಹೆಚ್ಚಿಗೆ ಹೇರಿಸಿದ ಬೆಲ್ಲ ಬೇರೆ.”

ಅತ್ತೆ ಸೆರಗು ಕೊಡವಿಕೊಂಡು ಎದ್ದರು. “ಮಾತೇನೋ ಕಲ್ತಿದ್ದೀಯೆ. ಬಿದ್ರೆ ಮಾತ್ರ ಗಾಡಿ ನಂಜೇಶನ್ದೇಯ,” ಎಂದು ಒಳಗೆ ಹೋದರು.

ರೇಸಿನ ದಿನ ಬಯಲಿನ ತುಂಬ ಧೂಳು, ಜನ, ಕಡ್ಲೆಪುರಿ ಗಾಡಿಗಳು. ಮೈಕು ಹಿಡಿದಿದ್ದ ಚೆಲುವರಾಜು ಎಂಬುವನು ಹುಡುಗರ ಹೆಸರನ್ನೆಲ್ಲ ಬಿರುದು ಸೇರಿಸಿ ಕೂಗಿದ. ನನ್ನ ಸರದಿ ಬಂದಾಗ, “ಈಗ ನಮ್ಮ ಅಮೃತೇಶ್‌ರವರ ಧರ್ಮಪತ್ನಿ!” ಅಂದ. ನಾನು ಕೊಟ್ಟ ಹೆಸರು ಅವನ ಕೈಯಲ್ಲೇ ಇತ್ತು. ಇಳಿದು ಹೋಗಿ ಮೈಕು ಕಸಿದುಕೊಳ್ಳೋಣ ಅನ್ನಿಸಿತು, ಅಷ್ಟರಲ್ಲಿ ಬಾವುಟ ಬಿತ್ತು.

ಗದ್ದೆಯ ಬದುಗಳನ್ನೇ ಏರುಗಳನ್ನಾಗಿ ಮಾಡಿದ್ದರು. ಮೊದಲನೆಯದನ್ನು ಹಾರಿ ಇಳಿದಾಗ ಫೋರ್ಕು ಆಳಕ್ಕೆ ಕುಗ್ಗಿ, ಕುಣಿಯದೆ ಎದ್ದು ನಿಂತಿತು. ಆಮೇಲೆ ನನಗೆ ಭಯವಾಗಲಿಲ್ಲ. ಮುಂದೆ ಹೋದವರಲ್ಲಿ ಇಬ್ಬರು ಕೆಸರಿನ ತಿರುವಿನಲ್ಲಿ ಮಲಗಿದರು. ಅವರನ್ನು ಬಳಸಿ ಹೋದೆ. ಕೊನೆಯ ಸುತ್ತಿನಲ್ಲಿ ಹಿಂದಿನ ಚಕ್ರ ಜಾರಿ ಗಾಡಿ ಪೂರ್ತಿ ವಾಲಿತು. ಜನ ಹೋ ಅಂದರು. ಬೂಟು ನೆಲಕ್ಕೆ ಒತ್ತಿ ಎಡಗಡೆಗೆ ತಿರುಗಿಸಿದೆ, ಮುಂದಿನ ಚಕ್ರ ಮಣ್ಣು ಬಿಡದೆ ಹಿಡಿದುಕೊಂಡಿತು. ಅದೇ ಹಾರೆಯಂಥ ಫೋರ್ಕು ಇದ್ದಿದ್ದರೆ ಅಲ್ಲಿಗೆ ನನ್ನ ಬೈಕು ನಂಜೇಶನದಾಗುತ್ತಿತ್ತು. ನಾಲ್ಕನೆಯವಳಾಗಿ ಮುಗಿಸಿದೆ. ನಾಲ್ಕನೆಯವರಿಗೆ ಏನೂ ಕೊಡುವುದಿಲ್ಲ. ನಾನು ಬಂದದ್ದೂ ಬಹುಮಾನದ ಕಪ್ಪಿಗಲ್ಲ.

ಅತ್ತೆ ಹುಣಸೆಮರದ ಕೆಳಗೆ ಮಗುವನ್ನು ಅವುಚಿಕೊಂಡು ಕಣ್ಣುಮುಚ್ಚಿ ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ನಾನು ಬಂದು ಗಾಡಿ ನಿಲ್ಲಿಸಿದ ಮೇಲೆ ಕಣ್ಣು ಬಿಟ್ಟು, ನನ್ನ ಎರಡೂ ಮೊಣಕೈಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಪಕ್ಕದಲ್ಲಿ ನಂಜೇಶ್, “ಅಲ್ಲಾ ಅಮ್ಮಾ, ಗಾಡಿ…” ಎಂದು ರಾಗ ತೆಗೆದ.

“ಓಗ್ಲಾ ಅತ್ಲಾಗಿ. ಗಾಡಿ ಕೊಡಾಕಿಲ್ಲ,” ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಬೀಳ್ದಂಗೆ ಕರ್ಕಬಾರಪ್ಪ ನಂಜುಂಡಪ್ಪ ಅಂತ ಅರಕೆ ಕಟ್ಕಂಡಿದ್ದೆ ಕಣವ್ವ. ನಿಂಗೆ ಇನ್ನೊಂದು ತುಲಾಭಾರ.”

ನನಗೆ ಮೈಯೆಲ್ಲ ಉರಿಯಿತು. ಓಡಿಸಿದ್ದು ನಾನು, ಅಂಗೈ ಸುಲಿದದ್ದು ನನ್ನದು, ಮತ್ತೆ ತಕ್ಕಡಿಗೆ ಏರಬೇಕಾದದ್ದೂ ನಾನೇ. ಅತ್ತೆ ಆಗಲೇ ಮಗನನ್ನು ಕರೆದಾಗಿತ್ತು. “ಅಮೃತೇಶಾ, ಆಲೆಮನೆಗೆ ಏಳ್ಬೇಕಲ್ಲ, ಬೆಲ್ಲ ಎಷ್ಟ್ ಬೇಕಾದದು? ಎಪ್ಪತ್ತ್…”

ಅಲ್ಲಿಗೆ ನಿಲ್ಲಿಸಿದರು. ನನ್ನ ಮುಖ ನೋಡಿದರು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡರು.

“ನೀನೆಷ್ಟ್ ತೂಕ ಇದ್ದೀಯೆ, ಲಿಖಿತಾ?”

ನಂಜೇಶ್ ಮುಖ ತಿರುಗಿಸಿದ. ಮೈಕು ಹಿಡಿದು ನಮ್ಮ ಕಡೆ ಬರುತ್ತಿದ್ದ ಚೆಲುವರಾಜು ಅಲ್ಲೇ ನಿಂತು ನೆಲ ನೋಡಿದ. ನನ್ನ ಗಂಡ ಮಾತ್ರ ಈ ಸಲ ನನ್ನ ಕಡೆಗೇ ನೋಡುತ್ತಿದ್ದರು.

“ಐವತ್ತೆರಡು ಅತ್ತೆ,” ಎಂದು ಬಯಲಿಗೆಲ್ಲ ಕೇಳುವ ಹಾಗೆ ಹೇಳಿದೆ. “ಮಗು ಬೇಡ, ಡಾಬು ಬೇಡ. ಒಂದು ಅಚ್ಚೂ ಹೆಚ್ಚಿಗೆ ಹಾಕಂಗಿಲ್ಲ.”